ಕಣ್ಣ ಕೆಳಗಿನ ಕಪ್ಪು: ಕ್ರೀಮಿಗಿಂತ ಮೊದಲು ಕೈಗನ್ನಡಿ

ಜನವರಿಯಲ್ಲಿ ತೊಗರಿ ರಾಶಿ ಮುಗಿಯುತ್ತಿದ್ದಂತೆ ಕಲಬುರಗಿ ಕಡೆ ಲಗ್ನದ ಮಾತು ಶುರುವಾಗುತ್ತದೆ. ಅದರ ಬೆನ್ನಿಗೇ ನಮ್ಮ ಮೆಡಿಕಲ್ ಅಂಗಡಿಗೆ ಫೋನ್ ಹಿಡಿದುಕೊಂಡ ಹುಡುಗಿಯರು ಬರುತ್ತಾರೆ. ಫೋನಿನಲ್ಲಿ ಯಾವುದೋ ಟ್ಯೂಬಿನ ಫೋಟೋ ಇರುತ್ತದೆ. ಹಾಗೇ ಒಬ್ಬಳು ಬಂದಳು.

“ಅಕ್ಕಾ, ಇದು ಅದ ಏನ್ರಿ?”

“ಅದ. ಯಾತಕ್ಕ ಬೇಕವ್ವಾ?”

ಅವಳು ಬೆರಳನ್ನು ಕಣ್ಣ ಕೆಳಗೆ ಇಟ್ಟು ತೋರಿಸಿದಳು. “ಇಲ್ಲಿ ಕರ್ರಗಾಗ್ಯಾದ ನೋಡ್ರಿ. ವೈಶಾಖದಾಗ ಲಗ್ನ ಅದ. ಫೋಟೋದಾಗ ಭಾಳ ಕಾಣ್ತದ.”

“ಯಾರು ಬರದು ಕೊಟ್ಟಾರ?”

“ಯಾರೂ ಇಲ್ರಿ. ನಮ್ಮ ಕಾಕಾನ ಮಗಳು ಹಚ್ಚಿಕೊಂಡಿದ್ಳು. ಆಕಿಗಿ ಹೋತು.”

ಕೌಂಟರಿನ ಈಚೆ ನಿಂತವಳಿಗೆ ಇದು ದಿನದ ಮಾತು. ಫೋಟೋದಲ್ಲಿದ್ದ ಟ್ಯೂಬಿನಲ್ಲಿ ಮೂರು ಔಷಧಿ ಇರುತ್ತವೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೂರನೆಯದು ಮೊಮೆಟಾಸೋನ್ ಅನ್ನೋ ಸ್ಟಿರಾಯ್ಡ್. ಕೆನ್ನೆಯ ಮೇಲೆ ಬರುವ ಬಂಗು ಅನ್ನೋ ಕಂದು ಕಲೆಗೆ ವೈದ್ಯರು ಕೆಲವು ವಾರ ಮಾತ್ರ ಅಂತ ಬರೆದುಕೊಡುವ ಔಷಧಿ ಇದು. ನಾನು ಕೊಡಲಿಲ್ಲ. ಚೀಟಿ ಇಲ್ಲ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ, ಕಾಕಾನ ಮಗಳಿಗೆ ಹೋದ ಕಪ್ಪು ಮತ್ತು ಇವಳ ಕಪ್ಪು ಒಂದೇ ಅಂತ ಹೇಳಿದವರು ಯಾರು?

ಕಣ್ಣ ಕೆಳಗಿನ ಕಪ್ಪಿಗೆ ಇವತ್ತು ಕಲಬುರಗಿಯಲ್ಲೇ ಹತ್ತಾರು ಚಿಕಿತ್ಸೆ ಸಿಗುತ್ತವೆ. ಇಲ್ಲಿ ಸಿಗದ್ದಕ್ಕೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವವರೂ ಇದ್ದಾರೆ. ಕ್ರೀಮ್, ಪೀಲ್, ಲೇಸರ್, ಪಿಆರ್‌ಪಿ, ಫಿಲ್ಲರ್, ಆಪರೇಷನ್. ಎಲ್ಲರ ಪ್ರಶ್ನೆಯೂ ಒಂದೇ: ಇದರಲ್ಲಿ ಯಾವುದು ಒಳ್ಳೇದು? ಈ ಪ್ರಶ್ನೆ ಹೇಗಿದೆ ಅಂದ್ರೆ, ಗಾಡಿ ನಿಂತಿದೆ, ಪೆಟ್ರೋಲ್ ಹಾಕೋದು ಒಳ್ಳೇದಾ ಪಂಕ್ಚರ್ ತೆಗೆಸೋದು ಒಳ್ಳೇದಾ ಅಂತ ಕೇಳಿದ ಹಾಗೆ. ಗಾಡಿ ಯಾಕೆ ನಿಂತಿದೆ ಅಂತ ನೋಡದೆ ಉತ್ತರ ಹೇಳಲು ಬರುವುದಿಲ್ಲ.

ಬಣ್ಣ, ನಾಳ, ನೆರಳು

ಮನೆಯಲ್ಲೇ ನೋಡಿಕೊಳ್ಳಬಹುದು. ಖರ್ಚಿಲ್ಲ.

ಮುಖ ತೊಳೆದು, ಕಾಡಿಗೆ ಪೌಡರ್ ಏನೂ ಇಲ್ಲದೆ, ಹಗಲು ಹೊತ್ತು ಕಿಟಕಿಗೆ ಎದುರಾಗಿ ಕೂತುಕೊಳ್ಳಿ. ಕೈಯಲ್ಲಿ ಸಣ್ಣ ಕನ್ನಡಿ ಇರಲಿ. ಬಚ್ಚಲ ಮನೆಯ ಬಲ್ಬಿನ ಕೆಳಗೆ ನೋಡಬೇಡಿ. ಆ ಬೆಳಕು ನೆತ್ತಿಯ ಮೇಲಿಂದ ಬೀಳುತ್ತದೆ, ಹಸುಗೂಸಿನ ಕಣ್ಣ ಕೆಳಗೂ ನೆರಳು ಕಾಣಿಸುತ್ತದೆ. ಈಗ ತೋರುಬೆರಳನ್ನು ಕೆನ್ನೆಯ ಮೂಳೆಯ ಮೇಲಿಟ್ಟು ಚರ್ಮವನ್ನು ಮೆಲ್ಲಗೆ ಕೆಳಕ್ಕೆ ಎಳೆಯಿರಿ. ಉಜ್ಜಬೇಡಿ, ಬರೀ ಹಿಗ್ಗಿಸಿ. ಕಪ್ಪು ಏನಾಗುತ್ತದೆ ನೋಡಿ.

ಕಂದು ಬಣ್ಣ ಹಾಗೇ ಉಳಿದು, ಚರ್ಮದ ಜೊತೆಗೇ ಕೆಳಗೆ ಜರುಗಿದರೆ ಅದು ಚರ್ಮದಲ್ಲೇ ಕೂತ ಬಣ್ಣ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿ ಆಗಿರುವುದು. ಸಾಮಾನ್ಯವಾಗಿ ಇದು ಮೇಲಿನ ರೆಪ್ಪೆಯಲ್ಲೂ ಇರುತ್ತದೆ. ಎಷ್ಟೋ ಸಲ ಅಮ್ಮನಿಗೋ ಅಜ್ಜಿಗೋ ಇರುತ್ತದೆ, ಹಳೇ ಫೋಟೋ ತೆಗೆದು ನೋಡಿದರೆ ಗೊತ್ತಾಗುತ್ತದೆ.

ಹಿಗ್ಗಿಸಿದಾಗ ನೀಲಿಯೋ ನೇರಳೆಯೋ ಇನ್ನೂ ಎದ್ದು ಕಂಡರೆ ಅದು ರಕ್ತನಾಳದ ಆಟ. ಕೆಳ ರೆಪ್ಪೆಯ ಚರ್ಮ ಒಂದು ಮಿಲಿಮೀಟರಿಗಿಂತ ತೆಳು. ಮೈಯಲ್ಲೆಲ್ಲ ಇಷ್ಟು ತೆಳು ಚರ್ಮ ಇನ್ನೊಂದು ಕಡೆ ಸಿಗುವುದು ಕಷ್ಟ. ಅದರಡಿಯಲ್ಲಿ ಕೊಬ್ಬು ಅಷ್ಟಕ್ಕಷ್ಟೇ, ಅದರ ಕೆಳಗೆ ಸ್ನಾಯು, ಸ್ನಾಯುವಿನ ತುಂಬ ಸಣ್ಣ ನಾಳಗಳು. ತೆಳು ಧೋತರದೊಳಗೆ ಕಟ್ಟಿದ ಕುಂಕುಮ ಹೊರಗೆ ಹೇಗೆ ಕಾಣುತ್ತದೋ ಹಾಗೆ ಕಾಣುತ್ತದೆ. ನಿದ್ದೆಗೆಟ್ಟ ಮರುದಿನ ಜಾಸ್ತಿ ಕಾಣುವುದು ಇದೇ.

ಹಿಗ್ಗಿಸಿದ ಕೂಡಲೇ ಕಪ್ಪು ಮುಕ್ಕಾಲು ಪಾಲು ಮಾಯವಾದರೆ ಅಲ್ಲಿ ಬಣ್ಣವೇ ಇಲ್ಲ. ಅದು ನೆರಳು. ಮೂಗಿನ ಪಕ್ಕದಿಂದ ಕೆನ್ನೆಯ ಕಡೆಗೆ, ಕಣ್ಣೀರು ಇಳಿಯುವ ದಾರಿಯಲ್ಲಿ ಒಂದು ತಗ್ಗು ಬಿದ್ದಿರುತ್ತದೆ. ಅಥವಾ ಅದರ ಮೇಲಿನ ಕೊಬ್ಬು ಉಬ್ಬಿ ಚೀಲದ ಹಾಗೆ ನಿಂತಿರುತ್ತದೆ. ತಗ್ಗಿದ್ದ ಕಡೆ ನೆರಳು ಬಿದ್ದೇ ಬೀಳುತ್ತದೆ. ಅನುಮಾನ ಇದ್ದರೆ ಎರಡು ಫೋಟೋ ತೆಗೆಸಿಕೊಳ್ಳಿ, ಒಂದು ಎದುರಿನಿಂದ ಫ್ಲ್ಯಾಶ್ ಹಾಕಿ, ಇನ್ನೊಂದು ಹಾಕದೆ. ಫ್ಲ್ಯಾಶಿನಲ್ಲಿ ಹೋದದ್ದು ನೆರಳು.

ನಲವತ್ತು ದಾಟಿದವರಲ್ಲಿ ಮೂರೂ ಸೇರಿರುವುದೇ ಹೆಚ್ಚು. ಆದರೂ ಒಂದು ಮುಂದಿರುತ್ತದೆ. ದುಡ್ಡು ಹಾಕುವುದಿದ್ದರೆ ಅದಕ್ಕೆ ಹಾಕಬೇಕು. ಮುಂದೆ ಹೇಳುವ ಪ್ರತಿ ಚಿಕಿತ್ಸೆಯೂ ಈ ಮೂರರಲ್ಲಿ ಯಾವುದೋ ಒಂದಕ್ಕೆ ಮಾಡಿದ್ದು. ಬೇರೆಯದಕ್ಕೆ ಹಚ್ಚಿದರೆ ಕೆಲಸ ಆಗುವುದಿಲ್ಲ. ಕೆಲವು ಸಲ ಇದ್ದದ್ದೂ ಕೆಡುತ್ತದೆ.

ಒಳಗಿಂದ ಬರುವ ಕಾರಣ, ಹೊರಗಿಂದ ಹತ್ತುವ ಕಾರಣ

ಕ್ಲಿನಿಕ್ಕಿನ ಮೆಟ್ಟಿಲು ಹತ್ತುವ ಮೊದಲು ಇನ್ನೂ ಒಂದೆರಡು ವಿಷಯ ನೋಡಬೇಕು. ಕಾರಣ ಹಾಗೇ ಇಟ್ಟುಕೊಂಡು ಮೇಲೆ ಮೇಲೆ ಕಪ್ಪು ತೆಗೆಸುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ.

ಮೊದಲನೆಯದು ರಕ್ತ. ಮುಖ ಬಿಳಚಿದಾಗ ಕಣ್ಣ ಕೆಳಗಿನ ನೀಲಿ ಎದ್ದು ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ಬಸುರಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಲೇಸರಿಗೆ ಸಾವಿರಾರು ಖರ್ಚು ಮಾಡುವ ಮೊದಲು ಸಿಬಿಸಿ ಅನ್ನೋ ರಕ್ತ ಪರೀಕ್ಷೆ ಮಾಡಿಸಲು ಏನು ಅಡ್ಡಿ? ಥೈರಾಯ್ಡ್ ಒಂದು ಸಲ ನೋಡಿಸುವುದೂ ಒಳ್ಳೇದು. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನ ಹಾಗೆ ದಪ್ಪಗಾಗಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಇದ್ದಾಗ ಕಣ್ಣ ಸುತ್ತವೂ ಹಾಗೆ ಕಪ್ಪಾಗಬಹುದು.

ಎರಡನೆಯದು ತುರಿಕೆ. ನಮ್ಮ ಊರಲ್ಲಿ ಇದು ದೊಡ್ಡ ಕಾರಣ ಅಂತ ನನ್ನ ಲೆಕ್ಕ. ರಾಶಿ ಟೈಮಿನಲ್ಲಿ ತೊಗರಿ ಹೊಟ್ಟು, ದಾಲ್ ಮಿಲ್ಲಿನ ದೂಳು, ಬೇಸಿಗೆಯಲ್ಲಿ ರಸ್ತೆ ದೂಳು. ಅದರ ಮೇಲೆ ಕಾಂಗ್ರೆಸ್ ಹುಲ್ಲು, ಅಂದ್ರೆ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಕಳೆ ಈಗ ನಮ್ಮ ಬದುವಿನ ಮೇಲೆಲ್ಲ ಇದೆ. ಇದರ ದೂಳು ಗಾಳಿಯಲ್ಲೇ ಬಂದು ರೆಪ್ಪೆಗೆ ಕೂತು ಅಲರ್ಜಿ ಮಾಡುತ್ತದೆ. ಕಣ್ಣು ನವೆ ಹತ್ತುತ್ತದೆ, ನಾವು ಮುಂಗೈಯಿಂದ ಗಸಗಸ ತಿಕ್ಕುತ್ತೇವೆ. ತಿಕ್ಕಿದಷ್ಟೂ ಚರ್ಮ ಬಣ್ಣ ಮಾಡಿಕೊಳ್ಳುತ್ತದೆ. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಒಬ್ಬರು ವರ್ಷಗಟ್ಟಲೆ ಕಣ್ಣ ಕೆಳಗೆ ಕ್ರೀಮ್ ಹಚ್ಚುತ್ತಿದ್ದರು. ಅಲರ್ಜಿಗೆ ಚಿಕಿತ್ಸೆ ಶುರುವಾಗಿ ಕೈ ಕಣ್ಣಿಗೆ ಹೋಗುವುದು ನಿಂತ ಮೇಲೆಯೇ ಕಪ್ಪು ತಿಳಿಯಾಗಲು ಶುರುವಾದದ್ದು.

ಕಾಡಿಗೆಯೂ ಕೆಲವರಿಗೆ ಆಗಿಬರುವುದಿಲ್ಲ. ಸುರ್ಮಾದ ವಿಷಯ ಬೇರೆ. ಬಂದೇನವಾಜ್ ದರ್ಗಾದ ಉರುಸಿನಲ್ಲಿ ಅತ್ತರಿನ ಪಕ್ಕದಲ್ಲೇ ಚಂದದ ಸಣ್ಣ ಬಾಟಲಿಗಳಲ್ಲಿ ಮಾರುತ್ತಾರೆ. ಹಳೇ ಪದ್ಧತಿಯ ಸುರ್ಮಾ ಎಷ್ಟೋ ಸಲ ಸೀಸದ ಅದಿರಿನ ಪುಡಿಯೇ ಆಗಿರುತ್ತದೆ. ದೊಡ್ಡವರಿಗೂ ಒಳ್ಳೇದಲ್ಲ, ಮಕ್ಕಳ ಕಣ್ಣಿಗಂತೂ ಹಚ್ಚಲೇಬಾರದು.

ಇನ್ನೊಂದನ್ನು ಅಂಗಡಿಯವಳಾಗಿ ಹೇಳಬೇಕು. ಕಣ್ಣಿನ ಒತ್ತಡದ ಕಾಯಿಲೆ ಗ್ಲಾಕೋಮಾಕ್ಕೆ ಕೊಡುವ ಲಟಾನೋಪ್ರಾಸ್ಟ್, ಬಿಮಾಟೋಪ್ರಾಸ್ಟ್ ಹನಿ ಔಷಧಿ ಕೆಲವರ ರೆಪ್ಪೆಯನ್ನು ಕಪ್ಪು ಮಾಡುತ್ತವೆ, ತಗ್ಗೂ ಬೀಳಿಸುತ್ತವೆ. ಹಾಗಂತ ಹನಿ ಬಿಡುವುದನ್ನು ನೀವೇ ನಿಲ್ಲಿಸಬೇಡಿ. ದೃಷ್ಟಿ ಹೋದರೆ ತಿರುಗಿ ಬರುವುದಿಲ್ಲ. ಕಣ್ಣಿನ ವೈದ್ಯರಿಗೆ ಹೇಳಿ, ಬೇರೆ ಔಷಧಿ ಇವೆ.

ಕ್ರೀಮುಗಳು

ಕ್ರೀಮ್ ಕೆಲಸ ಮಾಡುವುದು ಮುಖ್ಯವಾಗಿ ಬಣ್ಣದ ಕಪ್ಪಿಗೆ. ಅದೂ ನಿಧಾನ. ಮೂರು ತಿಂಗಳು ಹಚ್ಚದೆ ತೀರ್ಪು ಕೊಡಬಾರದು. ವಿಟಮಿನ್ ಸಿ, ನಯಾಸಿನಮೈಡ್, ಕೋಜಿಕ್ ಆಸಿಡ್, ಅಜೆಲಾಯಿಕ್ ಆಸಿಡ್ ಇವೆಲ್ಲ ಹೊಸ ಮೆಲನಿನ್ ತಯಾರಾಗುವುದನ್ನು ಒಂದಲ್ಲ ಒಂದು ಕಡೆ ತಡೆಯುತ್ತವೆ. ರೆಟಿನಾಲ್ ಚರ್ಮವನ್ನು ಒಂದಿಷ್ಟು ದಪ್ಪ ಮಾಡುತ್ತದೆ, ಹಾಗಾಗಿ ನಾಳದ ಕಪ್ಪಿಗೂ ತುಸು ಉಪಯೋಗ. ಆದರೆ ಉರಿ ಜಾಸ್ತಿ. ವಾರಕ್ಕೆ ಎರಡು ರಾತ್ರಿ, ಅಕ್ಕಿಕಾಳಿನಷ್ಟರಿಂದ ಶುರು ಮಾಡಬೇಕು. ಬಸುರಿಯರು ಮುಟ್ಟಬಾರದು. ಕೆಫೀನ್ ಇರುವ ಜೆಲ್ ನಾಳಗಳನ್ನು ಸ್ವಲ್ಪ ಹೊತ್ತು ಕುಗ್ಗಿಸುತ್ತದೆ. ಬೆಳಗ್ಗಿನ ಊತಕ್ಕೆ ಪರವಾಗಿಲ್ಲ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಮುಖ. ತಣ್ಣನೆ ಸೌತೆಕಾಯಿ ಹೋಳು ಮಾಡುವುದೂ ಇಷ್ಟೇ ಕೆಲಸ, ಮತ್ತೆ ಅದನ್ನು ಊಟಕ್ಕೂ ಹಚ್ಚಿಕೊಳ್ಳಬಹುದು.

ನೆರಳಿಗೆ ಯಾವ ಕ್ರೀಮೂ ಇಲ್ಲ. ಯಾವ ಕ್ರೀಮೂ ಅಂದ್ರೆ ಯಾವುದೂ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುವ ಟ್ಯೂಬನ್ನು ಯಾರೂ ಕೇಳುವುದಿಲ್ಲ. ಅದು ಸನ್‌ಸ್ಕ್ರೀನ್. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ಮುಖಕ್ಕೆಲ್ಲ ದುಪಟ್ಟಾ ಸುತ್ತಿಕೊಂಡು ಸ್ಕೂಟಿ ಹೊಡೆಯುವ ಹುಡುಗಿಯರ ಮುಖದಲ್ಲಿ ಬಿಸಿಲಿಗೆ ಬಿಟ್ಟ ಜಾಗ ಯಾವುದು ಹೇಳಿ? ಕಣ್ಣ ಸುತ್ತವೇ ಅಲ್ವಾ! ಎಸ್‌ಪಿಎಫ್ 30 ಅಥವಾ ಮೇಲಿನದು, ಜಿಂಕ್ ಆಕ್ಸೈಡ್ ಇರುವಂಥದ್ದು ಕಣ್ಣಿಗೆ ಕಡಿಮೆ ಉರಿಯುತ್ತದೆ. ಮೈಬಣ್ಣದ ಸನ್‌ಸ್ಕ್ರೀನ್ ಸಿಕ್ಕರೆ ಇನ್ನೂ ಒಳ್ಳೇದು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ನಮ್ಮಂಥ ಚರ್ಮ ಆ ಬೆಳಕಿಗೂ ಕಪ್ಪಾಗುತ್ತದೆ. ಜೊತೆಗೆ ಒಂದು ಕಪ್ಪು ಕನ್ನಡಕ. ಇದಿಲ್ಲದೆ ಪೀಲೂ ದಂಡ, ಲೇಸರೂ ದಂಡ.

ಇನ್ನು ಆ ಮೂರು ಔಷಧಿಯ ಟ್ಯೂಬಿನ ಕಥೆ. ಹಚ್ಚಿದ ಎರಡು ವಾರದಲ್ಲಿ ಮುಖ ಬೆಳ್ಳಗಾಗುವುದು ಸುಳ್ಳಲ್ಲ. ಅದೇ ಅದರ ಅಪಾಯ. ಸ್ಟಿರಾಯ್ಡ್ ನಾಳಗಳನ್ನು ಕುಗ್ಗಿಸುತ್ತದೆ, ಬಣ್ಣವನ್ನೂ ತಗ್ಗಿಸುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ. ಮೊದಲೇ ಕಾಗದದಂಥ ಚರ್ಮ ಇನ್ನೂ ತೆಳ್ಳಗಾದರೆ ಒಳಗಿನ ನಾಳ ಹೊರಗೆ ಕಾಣದೆ ಇರುತ್ತದೆಯೇ? ಬಣ್ಣದ ಕಪ್ಪು ಹೋಗಿ ನಾಳದ ಕಪ್ಪು ಬರುತ್ತದೆ. ನಿಲ್ಲಿಸಿದರೆ ಉರಿ, ಕೆಂಪು, ಮೊಡವೆ. ಮತ್ತೆ ಅದನ್ನೇ ಹಚ್ಚಬೇಕು ಅನ್ನಿಸುತ್ತದೆ. ಕಣ್ಣಿನ ಹತ್ತಿರ ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ ಚೀಟಿ ಕಡ್ಡಾಯ ಮಾಡಿತು. ಆದರೂ ಚೀಟಿ ಇಲ್ಲದೆ ಸಿಗುತ್ತವೆ, ಅದು ನಮ್ಮ ಕಸುಬಿನ ತಪ್ಪು, ಮುಚ್ಚಿಡುವುದಿಲ್ಲ. ಹೈಡ್ರೋಕ್ವಿನೋನ್ ಒಂದೇ ಇರುವ ಕ್ರೀಮನ್ನೂ ವೈದ್ಯರು ಹೇಳಿದಷ್ಟೇ ದಿನ ಹಚ್ಚಬೇಕು. ವರ್ಷಗಟ್ಟಲೆ ಹಚ್ಚಿದವರಿಗೆ ಯಾವ ಔಷಧಿಗೂ ಸುಲಭಕ್ಕೆ ಬಗ್ಗದ ನೀಲಿ-ಕಪ್ಪು ಕಲೆ ಕೂತುಬಿಡುವುದುಂಟು.

ಹೆಸರು, ವಿಳಾಸ, ಒಳಗೇನಿದೆ ಅನ್ನೋದು ಯಾವುದೂ ಬರೆಯದ ಡಬ್ಬಿ ಕ್ರೀಮುಗಳಿಂದ ದೂರ ಇರಿ. ಕೇರಳದ ಮಲಪ್ಪುರಂ ಕಡೆ ಬೆಳ್ಳಗಾಗುವ ಕ್ರೀಮ್ ಹಚ್ಚಿದವರಿಗೆ ಅದರಲ್ಲಿದ್ದ ಪಾದರಸದಿಂದ ಕಿಡ್ನಿ ತೊಂದರೆ ಆಗಿದ್ದು 2023ರಲ್ಲಿ ಸುದ್ದಿಯಾಗಿತ್ತು.

ಪೀಲ್, ಮತ್ತು ನನ್ನ ಮುಖ

ಪೀಲ್ ಅಂದ್ರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಯುವಂತೆ ಮಾಡುವುದು. ಗ್ಲೈಕಾಲಿಕ್ ಆಸಿಡ್, ಲ್ಯಾಕ್ಟಿಕ್ ಆಸಿಡ್ ಹೆಚ್ಚು ಬಳಕೆ. ಕಣ್ಣ ಕೆಳಗೆ ಹಚ್ಚುವಾಗ ಕಡಿಮೆ ಶಕ್ತಿಯದ್ದು, ಕಡಿಮೆ ನಿಮಿಷ. ಎರಡು ಮೂರು ವಾರಕ್ಕೊಂದರಂತೆ ನಾಲ್ಕಾರು ಸಿಟ್ಟಿಂಗ್. ಬಣ್ಣದ ಕಪ್ಪು ಮೇಲ್ಪದರದಲ್ಲಿದ್ದರೆ ಚೆನ್ನಾಗಿಯೇ ತಿಳಿಯಾಗುತ್ತದೆ. ನಾಳಕ್ಕೆ, ನೆರಳಿಗೆ ಉಪಯೋಗವಿಲ್ಲ.

ಇದೆಲ್ಲ ಓದಿ ಪಾಸಾದ ನಾನೇ ಒಂದು ಸಲ ದಡ್ಡತನ ಮಾಡಿದೆ. ತಮ್ಮನ ಲಗ್ನಕ್ಕೆ ಹದಿನೈದು ದಿನ ಇತ್ತು. ಒಂದು ಬ್ಯೂಟಿ ಪಾರ್ಲರಿನಲ್ಲಿ ಫೇಶಿಯಲ್ ಮಾಡುತ್ತಾ, “ಅಕ್ಕಾ, ಕಣ್ಣಿನ ಕೆಳಗೂ ಸ್ವಲ್ಪ ಹಚ್ಚತೀನಿ, ಒಂದೇ ಸಲಕ್ಕ ಹೋಗ್ತದ” ಅಂದರು. ಬಾಟಲಿ ಮೇಲೆ ಎಷ್ಟು ಪರ್ಸೆಂಟ್ ಅಂತ ಕೇಳುವುದು ನನಗೆ ಹೊಳೆಯಲಿಲ್ಲ. ದಿನಾ ಊರಿಗೆಲ್ಲ ಅದನ್ನೇ ಓದಿ ಹೇಳುವವಳು! ಮೊದಲು ಇರುವೆ ಕಡಿದ ಹಾಗೆ ಚುಮುಚುಮು, ಆಮೇಲೆ ಮೆಣಸಿನಕಾಯಿ ಕೈ ತಾಗಿದ ಹಾಗೆ ಉರಿ. “ಉರಿದರ ಕೆಲಸ ಮಾಡ್ಲಿಕತ್ತದ ಅಂತ ತಿಳ್ಕೋರಿ” ಅಂದರು. ರಾತ್ರಿಗೆ ಕೆಂಪಾಯಿತು, ಮೂರನೇ ದಿನ ಹೊಪ್ಪಳೆ ಕಟ್ಟಿತು. ಹೊಪ್ಪಳೆ ಉದುರಿದ ಮೇಲೆ ಕೆಳಗಿಂದ ಬಂದದ್ದು ರೊಟ್ಟಿ ಹಂಚಿನ ತಳದ ಬಣ್ಣ. ತಮ್ಮನ ಲಗ್ನದ ಫೋಟೋಗಳಲ್ಲಿ ನಾನು ಎಲ್ಲ ಕಡೆ ಕನ್ನಡಕ ಹಾಕಿಕೊಂಡಿದ್ದೇನೆ. ಮೊದಲಿದ್ದ ಕಪ್ಪಿಗೆ ವಾಪಸ್ ಬರಲಿಕ್ಕೇ ಏಳು ತಿಂಗಳು ಹಿಡಿಯಿತು.

ಇದು ನಮ್ಮ ಚರ್ಮದ ಗುಣ. ಗಾಯ, ಶಾಖ, ಆಸಿಡ್, ತಿಕ್ಕುವುದು, ಏನೇ ಆದರೂ ಮೆಲನಿನ್ ಸುರಿದು ಉತ್ತರ ಕೊಡುತ್ತದೆ. ಅಮೆರಿಕದ ಫಿಟ್ಸ್‌ಪ್ಯಾಟ್ರಿಕ್ ಅನ್ನೋ ಚರ್ಮವೈದ್ಯ 1975ರಲ್ಲಿ ಬಿಸಿಲಿಗೆ ಚರ್ಮ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಿ ಮಾಡಿದ ಅಳತೆಪಟ್ಟಿ ಈಗಲೂ ಬಳಕೆಯಲ್ಲಿದೆ. ಈಗಿನ ಆರು ಮೆಟ್ಟಿಲಲ್ಲಿ ನಮ್ಮಲ್ಲಿ ಬಹಳ ಜನ ನಾಲ್ಕು ಅಥವಾ ಐದರಲ್ಲಿ ಬರುತ್ತಾರೆ. ಬಿಳಿಯರ ಮುಖದ ಮೇಲೆ ಯಂತ್ರ ನಡೆದ ವಿಡಿಯೋ ನೋಡಿ ಅದೇ ವೇಗ, ಅದೇ ಶಕ್ತಿ ನಮಗೂ ಬೇಕು ಅನ್ನುವವರು ಇದನ್ನು ನೆನಪಿಡಬೇಕು. ನಮ್ಮ ಬಣ್ಣಕ್ಕೆ ಅವಸರ ಆಗುವುದಿಲ್ಲ.

ಲೇಸರ್

ಕಂದು ಬಣ್ಣಕ್ಕೆ ನಮ್ಮಲ್ಲಿ ಹೆಚ್ಚು ಬಳಸುವುದು ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್ ಅನ್ನುವ ಲೇಸರ್, 1064 ನ್ಯಾನೋಮೀಟರ್ ಅಲೆಯದು. ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟು ಹೊತ್ತು ಬೆಳಕು ಬಡಿಯುತ್ತದೆ. ಬಣ್ಣದ ಕಣ ಒಡೆದು ಪುಡಿಯಾಗುತ್ತದೆ, ಆ ಪುಡಿಯನ್ನು ಮೈಯೇ ನಿಧಾನಕ್ಕೆ ಸಾಗಿಸುತ್ತದೆ. ಈ ಅಲೆಯ ಬೆಳಕು ಮೇಲ್ಪದರವನ್ನು ಕಡಿಮೆ ಸುಟ್ಟು ಆಳಕ್ಕೆ ಇಳಿಯುತ್ತದೆ, ಅದಕ್ಕೇ ಕಪ್ಪು ಚರ್ಮಕ್ಕೆ ಇದು ಬೇರೆಯವುಗಳಿಗಿಂತ ಸುರಕ್ಷಿತ. ಪೀಲಿಗೆ ಸಿಗದ ಆಳದ ಬಣ್ಣ ಇದಕ್ಕೆ ಸಿಗುತ್ತದೆ. ಆರೆಂಟು ಸಿಟ್ಟಿಂಗ್ ಆಗಬಹುದು. ಶಕ್ತಿ ಜಾಸ್ತಿ ಇಟ್ಟರೆ ನನಗಾದದ್ದೇ ಆಗುತ್ತದೆ.

ನೀವು ನೋಡಲೇಬೇಕಾದ್ದು ಒಂದಿದೆ. ರೆಪ್ಪೆಯ ಮೇಲೆ ಅಥವಾ ಕಣ್ಣಿಗೆ ಅಂಟಿಕೊಂಡಂತೆ ಲೇಸರ್ ಹೊಡೆಯುವಾಗ ರೆಪ್ಪೆಯ ಒಳಗೆ ಲೋಹದ ಗುರಾಣಿ ಇಡಬೇಕು, ಹನಿ ಹಾಕಿ ಕಣ್ಣು ಜೋಮು ಹಿಡಿಸಿ. ಈ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಕಣ್ಣ ಪರದೆಯನ್ನು ಸುಡಬಲ್ಲದು. ಬರೀ ಹತ್ತಿ ಇಟ್ಟು “ಕಣ್ಣು ಮುಚ್ಚಿಕೊಳ್ರಿ, ಏನಾಗಲ್ಲ” ಅಂದರೆ ಎದ್ದು ಬನ್ನಿ. ದುಡ್ಡು ಕಟ್ಟಿದ್ದರೂ ಎದ್ದು ಬನ್ನಿ.

ಫಿಲ್ಲರ್

ಇಲ್ಲಿ ಹೇಳುವ ಸೂಜಿಗಳಲ್ಲಿ ನೆರಳಿಗೆ ನಿಜವಾಗಿ ಕೆಲಸ ಮಾಡುವುದು ಇದೊಂದೇ. ತಗ್ಗನ್ನು ತುಂಬುವುದು, ಅಷ್ಟೇ. ತುಂಬುವುದು ಹಯಲುರಾನಿಕ್ ಆಸಿಡ್ ಅನ್ನುವ ಜೆಲ್. ಇಂಥದ್ದು ನಮ್ಮ ಮೈಯಲ್ಲೂ ಇದೆ, ನೀರು ಹಿಡಿದಿಡುತ್ತದೆ. ಅರ್ಧ ಗಂಟೆಯ ಕೆಲಸ, ಕನ್ನಡಿ ನೋಡಿದರೆ ಅಲ್ಲೇ ಫಲ. ಸುಮಾರು ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ನಿಲ್ಲುತ್ತದೆ. 2022ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಣ್ಣ ಕೆಳಗಿನ ಈ ತಗ್ಗಿಗೆ ಅಂತಲೇ ಒಂದು ಫಿಲ್ಲರಿಗೆ ಒಪ್ಪಿಗೆ ಕೊಟ್ಟಿತು.

ಆದರೆ ಈ ಜಾಗ ಸುಲಭದ್ದಲ್ಲ. ಜೆಲ್ಲನ್ನು ಆಳದಲ್ಲಿ, ಮೂಳೆಯ ಹತ್ತಿರ ಇಡಬೇಕು. ಮೇಲ್ಮೇಲೆ ಇಟ್ಟರೆ ತೆಳು ಚರ್ಮದ ಕೆಳಗೆ ಅದು ನೀಲಿಯಾಗಿ ಕಾಣುತ್ತದೆ. ಕಪ್ಪು ತೆಗೆಸಲು ಹೋಗಿ ನೀಲಿ ತುಂಬಿಸಿಕೊಂಡು ಬಂದ ಹಾಗೆ. ನಾಳದ ಕಪ್ಪಿದ್ದವರಿಗೆ, ಬೆಳಗ್ಗೆ ಎದ್ದಾಗ ಕಣ್ಣು ಊದುವವರಿಗೆ, ಕೊಬ್ಬಿನ ಚೀಲ ದೊಡ್ಡದಿರುವವರಿಗೆ ಇದು ಒಳ್ಳೇ ಆಯ್ಕೆ ಅಲ್ಲ. ಜೆಲ್ ನೀರು ಹೀರಿ ಊತ ಜಾಸ್ತಿ ಮಾಡುತ್ತದೆ.

ಇನ್ನೂ ಒಂದು ಅಪಾಯ ಇದೆ, ಬಹಳ ಅಪರೂಪ, ಆದರೆ ಹೇಳದೆ ಬಿಡುವಂಥದ್ದಲ್ಲ. ಜೆಲ್ ರಕ್ತನಾಳದೊಳಗೆ ಹೋದರೆ ಹರಿವು ಕಟ್ಟುತ್ತದೆ. ಚರ್ಮ ಸಾಯಬಹುದು. ಕಣ್ಣಿನ ನಾಳಕ್ಕೆ ಹೋದರೆ ದೃಷ್ಟಿಯೇ ಹೋಗಬಹುದು. ಈ ಜೆಲ್ಲನ್ನು ಕರಗಿಸುವ ಹಯಲುರಾನಿಡೇಸ್ ಅನ್ನೋ ಇಂಜೆಕ್ಷನ್ ಇದೆ. ಅದು ಆ ಕ್ಲಿನಿಕ್ಕಿನ ಫ್ರಿಜ್ಜಿನಲ್ಲಿ ಇರಬೇಕು, ತರಿಸಿಕೊಳ್ಳುತ್ತೇವೆ ಅಂದರೆ ಆಗುವುದಿಲ್ಲ. “ಕರಗಿಸೋ ಇಂಜೆಕ್ಷನ್ ಇಟ್ಟೀರೇನ್ರಿ?” ಅಂತ ಕೇಳಿ. ಬಲ್ಲ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ತುಂಬಿಸಿಕೊಂಡ ಮೇಲೆ ತಡೆಯಲಾಗದ ನೋವು, ಚರ್ಮ ಬಿಳಿಚುವುದು, ಕಣ್ಣು ಮಂಜಾಗುವುದು ಆದರೆ ಬೆಳಗಾಗಲಿ ಅಂತ ಕಾಯಬಾರದು.

ಉಳಿದವು

ಪಿಆರ್‌ಪಿ ಅಂದ್ರೆ ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್ಲೆಟ್ ಜಾಸ್ತಿ ಇರುವ ಹಳದಿ ನೀರನ್ನು ಕಣ್ಣ ಕೆಳಗೆ ಚುಚ್ಚುವುದು. ತಿಂಗಳಿಗೊಂದರಂತೆ ಮೂರು ಸಲ. ಚರ್ಮ ಒಂದಿಷ್ಟು ದಪ್ಪವಾಗಿ ನಾಳ ಮರೆಯಾಗಲಿ ಅನ್ನೋದು ಉದ್ದೇಶ. ಕೆಲವರಿಗೆ ಫರಕು ಕಾಣುತ್ತದೆ, ಕೆಲವರಿಗೆ ಏನೂ ಇಲ್ಲ. ನಮ್ಮದೇ ರಕ್ತ ಆದ್ದರಿಂದ ಅಲರ್ಜಿ ಭಯ ಕಡಿಮೆ. ಇಂಗಾಲದ ಡೈಆಕ್ಸೈಡ್ ಅನಿಲ ಚುಚ್ಚುವ ಕಾರ್ಬಾಕ್ಸಿ ಚಿಕಿತ್ಸೆಯೂ ನಾಳದ ಕಪ್ಪಿಗೇ, ಅದರ ಹಿಂದಿನ ಆಧಾರ ಇನ್ನೂ ತೆಳು. ಬೆಳ್ಳಗಾಗಲು ಅಂತ ಹಾಕುವ ಗ್ಲುಟಾಥಯೋನ್ ಡ್ರಿಪ್ಪಿಗೆ ಕಣ್ಣ ಕೆಳಗಿನ ಕಪ್ಪಿನ ಮಟ್ಟಿಗೆ ದುಡ್ಡು ಹಾಕಬೇಡಿ ಅಂತಲೇ ನಾನು ಹೇಳುವುದು. ಬೊಟಾಕ್ಸ್ ನೆರಿಗೆಗೆ, ಕಪ್ಪಿಗಲ್ಲ.

ಕೊಬ್ಬಿನ ಚೀಲವೇ ನೆರಳಿಗೆ ಕಾರಣವಾಗಿದ್ದರೆ ಪಕ್ಕಾ ಉಪಾಯ ಆಪರೇಷನ್. ಕೆಳ ರೆಪ್ಪೆಯ ಬ್ಲೆಫರೋಪ್ಲಾಸ್ಟಿ. ರೆಪ್ಪೆಯ ಒಳಗಿನಿಂದಲೇ ಕೊಯ್ದು ಕೊಬ್ಬು ತೆಗೆಯುತ್ತಾರೆ, ಇಲ್ಲವೇ ಅದೇ ಕೊಬ್ಬನ್ನು ತಗ್ಗಿನ ಕಡೆ ಸರಿಸುತ್ತಾರೆ. ಹೊರಗೆ ಕಲೆ ಕಾಣುವುದಿಲ್ಲ. ಎರಡು ವಾರ ಮುಖದ ಮೇಲೆ ನೀಲಿ, ಊತ. ಒಮ್ಮೆ ಮಾಡಿಸಿದರೆ ವರ್ಷಗಟ್ಟಲೆ ಬರುತ್ತದೆ. ರೆಪ್ಪೆ ಹೊರಮುಖವಾಗಿ ಮಗುಚುವ ಅಪಾಯ ಇರುವುದರಿಂದ ಕಣ್ಣಿನ ಪ್ಲಾಸ್ಟಿಕ್ ಸರ್ಜರಿ ಬಲ್ಲವರ ಹತ್ತಿರವೇ ಹೋಗಬೇಕು.

ದುಡ್ಡಿನ ಮಾತು

ಒಂದು ಸಿಟ್ಟಿಂಗಿನ ರೇಟ್ ಕೇಳಿ ಹೋಲಿಸುವುದು ಮೋಸ ಹೋಗುವ ದಾರಿ. ಪೀಲ್ ಅಗ್ಗ ಕಾಣುತ್ತದೆ, ಆರು ಸಲ ಮಾಡಿಸಿ, ಕ್ರೀಮೂ ಸೇರಿಸಿ ಕೂಡಿಸಿದರೆ ಅಗ್ಗವಲ್ಲ. ಫಿಲ್ಲರ್ ಒಂದೇ ಸಲಕ್ಕೆ ಹತ್ತಾರು ಸಾವಿರ, ಆದರೆ ವರ್ಷಕ್ಕೊಮ್ಮೆ. ಮಾತು ಕಡೆವರೆಗೆ ಎಷ್ಟಾಗುತ್ತದೆ ಅಂತ ಇರಬೇಕು. ಚಂದಕ್ಕೆ ಮಾಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆ ಬರುವುದಿಲ್ಲ. ಸಾಮಾನ್ಯವಾಗಿ ಆಸ್ಪತ್ರೆ ಸೇವೆಗೆ ಇಲ್ಲದ ಜಿಎಸ್‌ಟಿ, ಕಾಸ್ಮೆಟಿಕ್ ಸರ್ಜರಿಗೆ ಬೀಳುತ್ತದೆ. ಹತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ. ಎರಡು ಸಿಟ್ಟಿಂಗ್ ಆದ ಮೇಲೆ ಫರಕು ನೋಡಿ ಮುಂದಿನ ಮಾತು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕುಗಳಿಗೆ ಕೆಪಿಎಂಇ, ಅಂದ್ರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಇರಬೇಕು, ಅದನ್ನು ಕಾಣುವ ಹಾಗೆ ಹಾಕಿರಬೇಕು. ಗೋಡೆ ಮೇಲೆ ಹೀರೋಯಿನ್ ಫೋಟೋ ಎಷ್ಟೇ ಇರಲಿ, ಮೊದಲು ಆ ಕಾಗದ ಹುಡುಕಿ, ಸೂಜಿ ಹಿಡಿಯುವವರು ಚರ್ಮರೋಗ ಓದಿದವರೇ ಅಂತ ಕೇಳಿ. ಬರೀ ಯಾವ ಕಪ್ಪು ಅಂತ ತಿಳಿಯಲು ದೊಡ್ಡ ಕ್ಲಿನಿಕ್ಕೇ ಬೇಕಿಲ್ಲ. ಸೇಡಂ ರಸ್ತೆಯ ಸರ್ಕಾರಿ ಜಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿದರೂ ಹೇಳುತ್ತಾರೆ.

ಲಗ್ನ ಇದ್ದವರು ದಿನ ಎಣಿಸಿಕೊಳ್ಳಬೇಕು. ಕ್ರೀಮಿಗೆ ಮೂರು ತಿಂಗಳು, ಪೀಲ್ ಲೇಸರಿಗೆ ಆರು ತಿಂಗಳು. ಫಿಲ್ಲರ್ ಆದರೂ ಒಂದು ತಿಂಗಳು ಮೊದಲೇ ಮುಗಿದಿರಬೇಕು. ಕಡೇ ಹದಿನೈದು ದಿನದಲ್ಲಿ ಹೊಸದೇನೂ ಮುಖಕ್ಕೆ ಹತ್ತಿಸಬಾರದು. ಯಾಕೆ ಅಂತ ನನ್ನ ತಮ್ಮನ ಆಲ್ಬಮ್ ಹೇಳುತ್ತದೆ.

ಆ ಹುಡುಗಿಯನ್ನು ಅಂಗಡಿಯ ಷಟರ್ ಹತ್ತಿರ, ಬೆಳಕಿಗೆ ಕರೆದು ನಿಲ್ಲಿಸಿದೆ. ಕೌಂಟರಿನ ಕೆಳಗೆ ಒಂದು ಕೈಗನ್ನಡಿ ಇಟ್ಟಿರುತ್ತೇನೆ. ಅವಳೇ ಹಿಗ್ಗಿಸಿ ನೋಡಿದಳು. ಕಂದು ಇರಲಿಲ್ಲ. ನೀಲಿ ಎದ್ದಿತು, ಮೂಗಿನ ಪಕ್ಕದ ನೆರಳು ಅರ್ಧ ಹೋಯಿತು. ಕೆಳ ರೆಪ್ಪೆ ಜಗ್ಗಿ ಒಳಗೆ ನೋಡಿದರೆ ಕೆಂಪು ಇರಬೇಕಾದ ಕಡೆ ಬಿಳುಪು. ಆ ಟ್ಯೂಬ್ ಹಚ್ಚಿದ್ದರೆ ಇದ್ದ ತೆಳು ಚರ್ಮವೂ ಹೋಗುತ್ತಿತ್ತು.

“ಮೊದ್ಲ ರಕ್ತ ತೋರಿಸ್ಕೊಂಡು ಬಾರವ್ವಾ” ಅಂದೆ. ಮುಖ ಸಣ್ಣದು ಮಾಡಿಕೊಂಡು ಹೋದಳು. ನಾಲ್ಕು ದಿನ ಬಿಟ್ಟು ರಿಪೋರ್ಟ್ ಹಿಡಿದು ಬಂದಳು, ಹಿಮೋಗ್ಲೋಬಿನ್ 8.9. ವೈದ್ಯರು ಕಬ್ಬಿಣದ ಮಾತ್ರೆ ಬರೆದಿದ್ದರು. ಚಹಾ ಜೊತೆ ನುಂಗಬೇಡ ಅಂತ ಮಾತ್ರ ನಾನು ಸೇರಿಸಿದೆ.

ವೈಶಾಖದ ಹೊತ್ತಿಗೆ ನೀಲಿ ಕಡಿಮೆ ಆಗಿತ್ತು, ತಗ್ಗಿನ ನೆರಳು ಇದ್ದೇ ಇತ್ತು. ಅದಕ್ಕೆ ಮೇಕಪ್ ಮಾಡುವ ಹುಡುಗಿ ಕಿತ್ತಳೆ ಬಣ್ಣದ ಕರೆಕ್ಟರ್ ತೆಳ್ಳಗೆ ಹಚ್ಚಿ, ಮೇಲೆ ಮೈಬಣ್ಣದ ಕನ್ಸೀಲರ್ ಕೂರಿಸಿದಳಂತೆ. ನೀಲಿಯ ಮೇಲೆ ಕಿತ್ತಳೆ ಬಿದ್ದರೆ ಎರಡೂ ಒಂದನ್ನೊಂದು ನುಂಗುತ್ತವೆ, ಚಿತ್ರ ಬರೆಯುವವರಿಗೆ ಇದು ಗೊತ್ತು. ಲಗ್ನ ಆದ ಮೇಲೆ ಗಂಡನ ಊರು ಹುಮನಾಬಾದಿಗೆ ಹೋಗುವ ಮುಂಚೆ ಅಂಗಡಿಗೆ ಬಂದಿದ್ದಳು. ಕೈತುಂಬ ಹಸಿರು ಬಳೆ. ಇನ್ನೂ ಎರಡು ತಿಂಗಳ ಮಾತ್ರೆ ಬಾಕಿ ಇದ್ದವು, ಅಷ್ಟನ್ನೂ ಕಟ್ಟಿಸಿಕೊಂಡು ಹೋದಳು.